23 ಸಾವಿರ ಕಿಲೋಮೀಟರ್ ಓಡಿದ 2011ರ ಐ10: ದುಡ್ಡು ಕೊಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಶಾಲೆ ಮನೆಯಿಂದ 14 ಕಿಲೋಮೀಟರ್ ದೂರ, ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯ ಕಾರು ಮಾರಾಟಕ್ಕಿದೆ. ಹ್ಯುಂಡೈ ಐ10, ಪೆಟ್ರೋಲ್, ಸಿಂಗಲ್ ಓನರ್, 2011ರ ನವೆಂಬರ್‌ನಲ್ಲಿ ರಿಜಿಸ್ಟ್ರೇಷನ್ ಆಗಿದೆ. ಮೀಟರ್‌ನಲ್ಲಿರುವುದು ಬರೀ 23,000 ಕಿ.ಮೀ. ಪೋರ್ಟಿಕೋದಲ್ಲೇ ನಿಂತಿರುತ್ತಿತ್ತು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದೆವು ಎನ್ನುತ್ತಾರೆ. ನೋಡಲು ಹೊಸದರ ಹಾಗಿದೆ. 2 ಲಕ್ಷ 60 ಸಾವಿರ ಕೇಳುತ್ತಿದ್ದಾರೆ. ಇಷ್ಟು ಕಡಿಮೆ ಓಡಿದ ಗಾಡಿ ಮತ್ತೆ ಸಿಗಲ್ಲ, ಬಿಡಬೇಡಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಮೇಡಂ, ಗಾಡಿ ಚೆನ್ನಾಗಿರಬಹುದು, ಆದರೆ ಅಡ್ವಾನ್ಸ್ ಇನ್ನೂ ಕೊಡಬೇಡಿ. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 23,000 ಕಿಲೋಮೀಟರನ್ನು 14 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,640ರಷ್ಟು ಬರುತ್ತದೆ, ತಿಂಗಳಿಗೆ 137, ದಿನಕ್ಕೆ ನಾಲ್ಕೂವರೆ. ಅಂದರೆ ಈ ಗಾಡಿ ಮಾರ್ಕೆಟ್‌ಗೆ, ದೇವಸ್ಥಾನಕ್ಕೆ, ಬ್ಯಾಂಕಿಗೆ ಹೋಗಿ ಬಂದಿದೆ, ಉಳಿದ ಹೊತ್ತೆಲ್ಲ ನಿಂತಿದೆ. ಎಷ್ಟು ಓಡಿದೆ ಎಂದು ಎಲ್ಲರೂ ಕೇಳುತ್ತಾರೆ. ಹದಿನಾಲ್ಕು ವರ್ಷ ಹೇಗೆ ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಆ ಎರಡನೇ ಪ್ರಶ್ನೆಯ ಮೇಲೆ.

ವರ್ಕ್‌ಶಾಪಿನಲ್ಲಿ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಂಸಾರ ಹನ್ನೊಂದು ವರ್ಷ ಹಳೆಯ, 14 ಸಾವಿರ ಮಾತ್ರ ಓಡಿದ ಸಣ್ಣ ಕಾರು ಕೊಂಡರು. ಮೀಟರ್ ನಿಜವಾದದ್ದೇ, ಮಾರಿದವರು ಒಳ್ಳೆಯ ಜನ, ಒಂದು ಸುಳ್ಳೂ ಹೇಳಿರಲಿಲ್ಲ. ಕೊಂಡ ಎರಡನೇ ತಿಂಗಳು ಧರ್ಮಸ್ಥಳಕ್ಕೆ ಹೊರಟರು. ಚಾರ್ಮಾಡಿ ಘಾಟಿಯಲ್ಲಿ ಎಂಜಿನ್ ಟಕ್ ಅಂತ ನಿಂತಿತು. ಟೋ ಮಾಡಿಸಿಕೊಂಡು ನನ್ನ ಹತ್ತಿರ ತಂದರು. ಬಿಚ್ಚಿದಾಗ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ರಬ್ಬರ್ ಪಟ್ಟಿ) ತುಂಡಾಗಿತ್ತು, ವಾಲ್ವ್‌ಗಳು ಬಾಗಿದ್ದವು. ಆ ಬೆಲ್ಟನ್ನು ಕೈಯಲ್ಲಿ ಹಿಡಿದು ಬೆರಳಲ್ಲಿ ಸ್ವಲ್ಪ ಬಗ್ಗಿಸಿದೆ. ಬೆನ್ನಿನ ಮೇಲೆ ಅಡ್ಡಡ್ಡ ಬಿರುಕು, ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದ ಹಾಗೆ. ಹಲ್ಲುಗಳು ಉಗುರು ತಾಗಿದರೆ ಉದುರುತ್ತಿದ್ದವು. ಓಡಿ ಸವೆದ ಬೆಲ್ಟ್ ಅಲ್ಲ ಅದು, ನಿಂತು ಒಣಗಿದ್ದು. ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಇಳಿಸಿ ಕೆಲಸ ಮುಗಿಸುವಷ್ಟರಲ್ಲಿ ಗಾಡಿಯ ಬೆಲೆಯ ಕಾಲು ಭಾಗ ಖರ್ಚಾಯಿತು. ಆ ಮನೆಯ ಯಜಮಾನರು "ಕಡಿಮೆ ಓಡಿದೆ ಅಂತಾನೇ ಜಾಸ್ತಿ ಕೊಟ್ಟೆ ಸರ್" ಎಂದದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಐ10ಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. 2011ರಲ್ಲಿ ಐ10 ಎರಡು ಪೆಟ್ರೋಲ್ ಎಂಜಿನ್‌ನಲ್ಲಿ ಬರುತ್ತಿತ್ತು. ಒಂದು 1.1 ಲೀಟರಿನ ಐಆರ್‌ಡಿಇ, ಇನ್ನೊಂದು 1.2 ಲೀಟರಿನ ಕಪ್ಪಾ. ಮೊದಲನೆಯದಕ್ಕೆ ರಬ್ಬರಿನ ಟೈಮಿಂಗ್ ಬೆಲ್ಟ್, ಎರಡನೆಯದಕ್ಕೆ ಚೈನ್. ಯಾವುದು ಎಂದು ತಿಳಿಯಲು ಬಾನೆಟ್ ಎತ್ತುವುದೂ ಬೇಡ, ಆರ್‌ಸಿಯಲ್ಲಿ ಸಿಸಿ ನೋಡಿ. 1086 ಎಂದಿದ್ದರೆ ಬೆಲ್ಟ್, 1197 ಎಂದಿದ್ದರೆ ಚೈನ್. ಚೈನ್ ಆದರೆ ಈ ಒಂದು ಚಿಂತೆ ಬಿಡಿ. ಬೆಲ್ಟ್ ಆದರೆ ಅದನ್ನು ಯಾವಾಗ ಬದಲಾಯಿಸಿದ್ದು, ಬಿಲ್ ಇದೆಯಾ ಎಂದು ಕೇಳಿ. "ಅದಕ್ಕೆ ಇನ್ನೂ ಅಷ್ಟು ಕಿಲೋಮೀಟರ್ ಆಗಿಲ್ವಲ್ಲ" ಎಂಬ ಉತ್ತರ ಬಂದರೆ, ಬದಲಾಯಿಸಿಲ್ಲ ಎಂದೇ ಅರ್ಥ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ಅದು ಬಿಸಿಗೂ ಗಾಳಿಗೂ ವಯಸ್ಸಿಗೂ ಒಣಗುತ್ತದೆ. ಆರೇಳು ವರ್ಷಕ್ಕೆ ಮೇಲೆ ನಾನು ಯಾವ ಟೈಮಿಂಗ್ ಬೆಲ್ಟನ್ನೂ ನಂಬುವುದಿಲ್ಲ.

ಈಗ ಮೀಟರ್ ವಿಷಯ. ಮಾರುವವರು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪ್ ಹಾಕಿ ಅರ್ಧ ಗಂಟೆಯಲ್ಲಿ ಇಳಿಸುವವರು ಊರೂರಿಗೂ ಇದ್ದಾರೆ, ಬ್ರೋಕರ್ ಕೈಗೆ ಹೋದ ಗಾಡಿಯಾದರೆ ಓನರಿಗೇ ಗೊತ್ತಿಲ್ಲದೆ ಅದು ಆಗಿರುತ್ತದೆ. ಹಾಗಾಗಿ ನೀವೇ ನೋಡಿಕೊಳ್ಳಬೇಕು.

ಡ್ರೈವರ್ ಬಾಗಿಲು ತೆಗೆದು ನೆಲಕ್ಕೆ ಬಗ್ಗಿ, ಮೂರು ಪೆಡಲ್‌ಗಳ ರಬ್ಬರ್ ನೋಡಿ. 23 ಸಾವಿರ ಓಡಿದ ಗಾಡಿಯಲ್ಲಿ ಬ್ರೇಕ್, ಕ್ಲಚ್ ಪೆಡಲ್‌ಗಳ ಗೆರೆಗಳು ಬೆರಳಿಗೆ ಚೂಪಾಗಿ ಸಿಗಬೇಕು. ಕ್ಲಚ್ ಪೆಡಲಿನ ಒಂದು ಮೂಲೆ ನುಣ್ಣಗೆ ಸವೆದು ಹೊಳೆಯುತ್ತಿದ್ದರೆ ಆ ಗಾಡಿ ಇದರ ಮೂರು ನಾಲ್ಕು ಪಟ್ಟು ಓಡಿದೆ. ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದು ಸುತ್ತಲಿನದೆಲ್ಲ ಹಳತಾಗಿದ್ದರೂ ಅನುಮಾನ ಪಡಿ. ಆಮೇಲೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು. ಹತ್ತಿ ಇಳಿಯುವಾಗ ಅದೇ ಉಜ್ಜುವುದು, ಕವರ್ ಹಾಕಿದ್ದರೆ ಎತ್ತಿ ನೋಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಸ್ಟಿಯರಿಂಗ್ ಮೇಲೆ ಕೈ ಹಿಡಿಯುವ ಜಾಗ, ಗೇರ್ ನಾಬ್, ಪವರ್ ವಿಂಡೋ ಸ್ವಿಚ್ ಇವನ್ನೂ ಹಾಗೇ ನೋಡಿ. ಎರಡನೇ ಕೀ ತೋರಿಸಿ ಎಂದು ಕೇಳಿ. ಇಂಥ ಮನೆಗಳಲ್ಲಿ ಆ ಕೀ ಗಾಡ್ರೇಜ್ ಬೀರುವಿನಿಂದ ಹೊಸದರ ಹಾಗೇ ಬರುತ್ತದೆ.

ಮುಂದಿನ ಚಕ್ರದ ಸಂದಿಯಲ್ಲಿ ಬ್ರೇಕ್ ಡಿಸ್ಕ್ ಕಾಣುತ್ತದೆ. ಗಾಡಿ ತಣ್ಣಗಿರುವಾಗ ಡಿಸ್ಕಿನ ಅಂಚಿಗೆ ಬೆರಳು ಸವರಿ. ಜಾಸ್ತಿ ಓಡಿದ್ದರೆ ಪ್ಯಾಡ್ ತಾಗುವ ಜಾಗ ತಗ್ಗಾಗಿ, ಅಂಚಿನಲ್ಲಿ ತಟ್ಟೆಯ ಕಂಠದ ಹಾಗೆ ಒಂದು ದಂಡೆ ಎದ್ದಿರುತ್ತದೆ. 23 ಸಾವಿರಕ್ಕೆ ಆ ದಂಡೆ ಇದ್ದೂ ಇಲ್ಲದ ಹಾಗಿರಬೇಕು. ಈ ಒಂದು ಪರೀಕ್ಷೆಯನ್ನು ಮೋಸ ಮಾಡುವವರು ಸಾಮಾನ್ಯವಾಗಿ ಮರೆತಿರುತ್ತಾರೆ.

ಕಾಗದದಲ್ಲೂ ಸಾಕ್ಷಿ ಸಿಗುತ್ತದೆ. ಕಂಪನಿ ಸರ್ವಿಸ್ ಸೆಂಟರಿನ ಬಿಲ್‌ಗಳಲ್ಲಿ ತಾರೀಕಿನ ಜೊತೆ ಆ ದಿನದ ಕಿಲೋಮೀಟರ್ ಬರೆದಿರುತ್ತದೆ. ಅವನ್ನು ವರ್ಷದ ಪ್ರಕಾರ ಜೋಡಿಸಿ. ಅಂಕಿ ಮೆಲ್ಲಗೆ ಏರುತ್ತಾ ಬಂದಿದ್ದರೆ ಒಳ್ಳೆಯದು. ಬಿಲ್ ಕಳೆದಿದ್ದರೆ ಓನರನ್ನೇ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ಇರುತ್ತದೆ. ಇನ್ನೊಂದು ದಾರಿ ಫಾಸ್ಟ್ಯಾಗ್. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಅದು ಕಡ್ಡಾಯವಾಗಿದೆ, ಓನರ್ ಮೊಬೈಲಿನಲ್ಲೇ ಅದರ ಹಳೆಯ ಪಟ್ಟಿ ತೆಗೆದು ತೋರಿಸಬಹುದು. ಮೈಸೂರು ಬಿಟ್ಟು ಹೋಗೇ ಇಲ್ಲ ಎಂಬ ಗಾಡಿ ತಿಂಗಳಿಗೆ ನಾಲ್ಕು ಸಲ ಬೆಂಗಳೂರು ಕಡೆಯ ಟೋಲ್ ದಾಟಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅಲ್ವಾ.

ಸರ್ವಿಸ್ ಬಿಲ್‌ಗಳನ್ನು ನೋಡುವಾಗ ನನಗೆ ಕಿಲೋಮೀಟರಿಗಿಂತ ಮುಖ್ಯ ಇನ್ನೊಂದಿದೆ, ಬಿಲ್ ಎಷ್ಟಿವೆ ಎಂಬುದು. ಎಂಜಿನ್ ಆಯಿಲ್ ಬದಲಿಸಲು 10 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಲೆಕ್ಕ. ಈ ಗಾಡಿಗೆ ಯಾವಾಗಲೂ ವರ್ಷವೇ ಮೊದಲು ಬರುತ್ತದೆ. ಅಂದರೆ ಹೆಚ್ಚು ಕಡಿಮೆ ಹದಿಮೂರು ಹದಿನಾಲ್ಕು ಬಿಲ್ ಇರಬೇಕು. ಎರಡೇ ಬಿಲ್ ಇದ್ದು "ಓಡಿಸಿಲ್ವಲ್ಲ, ಅದಕ್ಕೇ ಮಾಡಿಸಿಲ್ಲ" ಎಂದರೆ ನಾನಂತೂ ಅರ್ಧ ಮನಸ್ಸು ಹಿಂದೆ ತೆಗೆಯುತ್ತೇನೆ. ಪ್ರತಿ ವರ್ಷ ತಪ್ಪದೆ ಆಯಿಲ್ ಬದಲಿಸಿದ 60 ಸಾವಿರದ ಗಾಡಿ, ಐದು ವರ್ಷ ಒಂದೇ ಆಯಿಲ್‌ನಲ್ಲಿದ್ದ 23 ಸಾವಿರದ ಗಾಡಿಗಿಂತ ಎಷ್ಟೋ ಪಾಲು ವಾಸಿ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದೆವು ಎಂದರಲ್ಲ, ಅದನ್ನು ಅವರು ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಎಂಜಿನ್‌ಗೆ ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಬರುತ್ತದೆ. ಗಾಡಿ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದರೆ ಎಲ್ಲ ಬಿಸಿಯಾಗಿ ಆ ಆವಿ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಅದು ಸೈಲೆನ್ಸರ್ ಒಳಗೆ ನೀರಾಗಿ ನಿಲ್ಲುತ್ತದೆ, ಸ್ವಲ್ಪ ಆಯಿಲ್‌ಗೂ ಸೇರುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ತೆಗೆದಷ್ಟು ಚಾರ್ಜೂ ಐದು ನಿಮಿಷದಲ್ಲಿ ವಾಪಸ್ ತುಂಬುವುದಿಲ್ಲ. ಹಾಗಾಗಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಒಳಭಾಗ ನೋಡಿ. ಬೆಣ್ಣೆಯ ಹಾಗೆ, ಕಾಫಿಗೆ ಜಾಸ್ತಿ ಹಾಲು ಹಾಕಿದ ಬಣ್ಣದ್ದು ಮೆತ್ತಿದ್ದರೆ ಅದು ನೀರು ಸೇರಿದ ಆಯಿಲ್. ಬರೀ ಮುಚ್ಚಳದಲ್ಲಿ ಸ್ವಲ್ಪ ಇದ್ದರೆ ಗಾಬರಿಯಾಗಬೇಡಿ, ಆಯಿಲ್ ಬದಲಿಸಿ ಚೆನ್ನಾಗಿ ಓಡಿಸಿದರೆ ಹೋಗುತ್ತದೆ. ಡಿಪ್ ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ, ಅಥವಾ ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಎಂಜಿನ್ನಿನ ಹೆಡ್ ಕೆಳಗೆ ನೀರೂ ಆಯಿಲೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ.

ನೋಡಲು ಬೆಳಿಗ್ಗೆಯೇ ಹೋಗಿ, ಏಳೂವರೆ ಎಂಟಕ್ಕೆ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ. ಹೋದ ತಕ್ಷಣ, ಮಾತಿಗೆ ನಿಲ್ಲುವ ಮುಂಚೆಯೇ, ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ, ತಣ್ಣಗಿರುವಾಗ ಬರುವ ಯಾವುದೋ ಶಬ್ದವನ್ನೋ ಹೊಗೆಯನ್ನೋ ಮುಚ್ಚಿಡುವ ಪ್ರಯತ್ನ ಇರಬಹುದು. ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದರೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಮೀಟರ್ ಬೋರ್ಡಿನ ದೀಪಗಳನ್ನು ನೋಡಿ. ಎಂಜಿನ್ ಲೈಟ್, ಆಯಿಲ್ ಲೈಟ್, ಬ್ಯಾಟರಿ ಲೈಟ್ ಮೂರೂ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಉರಿಯದೇ ಇರುವ ದೀಪ ಆರದ ದೀಪಕ್ಕಿಂತ ಅಪಾಯ, ಯಾಕೆಂದರೆ ಅದನ್ನು ಯಾರೋ ಬೇಕೆಂದೇ ಕಿತ್ತಿರಬಹುದು. ಸ್ಟಾರ್ಟ್ ಮಾಡಿಸಿ ನೀವು ಸೈಲೆನ್ಸರ್ ಹಿಂದೆ ನಿಂತುಕೊಳ್ಳಿ. ಮೊದಲ ನಿಮಿಷ ಬಿಳಿ ಆವಿ, ನಾಲ್ಕು ಹನಿ ನೀರು ಬಂದರೆ ಸಹಜ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ವಾಲ್ವ್ ಸೀಲ್ ಗಟ್ಟಿಯಾಗಿ ಹೀಗಾಗುತ್ತದೆ. ಸೈಲೆನ್ಸರನ್ನು ಬಗ್ಗಿ ನೋಡಿ, ಒಳಗಿನಿಂದ ತುಕ್ಕು ತಿಂದು ಬಂದ ಸಣ್ಣ ತೂತುಗಳು ಕೆಳಭಾಗದಲ್ಲೇ ಇರುತ್ತವೆ.

ಆಮೇಲೆ ಬಾನೆಟ್ ಎತ್ತಿ ಸುಮ್ನೆ ಎರಡು ನಿಮಿಷ ನೋಡುತ್ತಾ ನಿಲ್ಲಿ. ರೇಡಿಯೇಟರಿನ ದಪ್ಪ ಪೈಪನ್ನು, ಎಂಜಿನ್ ತಣ್ಣಗಿರುವಾಗಲೇ, ಹಿಂಡಿ ನೋಡಿ. ಗಟ್ಟಿಯಾಗಿ ಕೋಲಿನ ಹಾಗಿದ್ದರೆ ಅಥವಾ ಹಿಂಡಿದಾಗ ಚರಚರ ಎಂದರೆ ಅದರ ಕಾಲ ಮುಗಿದಿದೆ. ಫ್ಯಾನ್ ಬೆಲ್ಟಿನ ಒಳಗಿನ ಗೆರೆಗಳಲ್ಲಿ ಬಿರುಕಿದೆಯೇ ನೋಡಿ. ಏರ್ ಫಿಲ್ಟರ್ ಡಬ್ಬ ಬಿಚ್ಚಿಸಿ. ನಿಂತ ಗಾಡಿಯಲ್ಲಿ ಇಲಿ ಮನೆ ಮಾಡುವುದು ಅಲ್ಲೇ, ಹತ್ತಿ ನಾರು, ತೆಂಗಿನ ಜುಂಗು, ಕಡಲೆಕಾಯಿ ಸಿಪ್ಪೆ ಎಲ್ಲ ತುಂಬಿಕೊಂಡಿರುತ್ತದೆ. ಒಂದು ಗಾಡಿಯಲ್ಲಿ ನನಗೆ ಮನೆಯವರ ಹಳೆಯ ಲಾಡಿ ಚೂರುಗಳೇ ಸಿಕ್ಕಿದ್ದವು. ಇಲಿ ಗೂಡು ಕಂಡರೆ ಗೂಡು ಸಮಸ್ಯೆಯಲ್ಲ, ಅದು ಕಡಿದಿರುವ ವೈರು ಸಮಸ್ಯೆ. ವೈರಿಂಗಿನಲ್ಲಿ ಎಲ್ಲಾದರೂ ಕಪ್ಪು ಟೇಪ್ ಸುತ್ತಿ ರಿಪೇರಿ ಮಾಡಿದ ಗುರುತಿದೆಯೇ ಹುಡುಕಿ. ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಹಾರ್ನ್, ನಾಲ್ಕೂ ಪವರ್ ವಿಂಡೋ, ಹಿಂದಿನ ಗಾಜಿನ ಡಿಫಾಗರ್ ಇದ್ದರೆ ಅದೂ, ಒಂದೊಂದಾಗಿ ಹಾಕಿ ನೋಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಗಾಡಿ ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಾನೆಟ್ ಒಳಗಿನ ಅದರ ಸಣ್ಣ ಡಬ್ಬದಲ್ಲಿ ಅದು ಜೇನುತುಪ್ಪದ ತಿಳಿ ಬಣ್ಣದಲ್ಲಿದ್ದರೆ ಸರಿ, ಟೀ ಡಿಕಾಕ್ಷನ್ ಹಾಗಿದ್ದರೆ ವರ್ಷಾನುಗಟ್ಟಲೆ ಮುಟ್ಟಿಲ್ಲ. ಆಗ ಹಿಂದಿನ ವೀಲ್ ಸಿಲಿಂಡರ್‌ಗಳು ಒಳಗೆ ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ. ಹ್ಯಾಂಡ್ ಬ್ರೇಕ್ ಹಾಕಿಯೇ ತಿಂಗಳುಗಟ್ಟಲೆ ನಿಲ್ಲಿಸಿದ್ದರೆ ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಗಾಡಿಯನ್ನು ಕೈಯಲ್ಲಿ ತಳ್ಳಿ ನೋಡಿ. ಇಬ್ಬರು ತಳ್ಳಿದರೆ ಆರಾಮಾಗಿ ಉರುಳಬೇಕು.

ಎಸಿ ಬಗ್ಗೆ ನನ್ನ ಅನುಭವದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಎಸಿ ಓಡದೇ ಇದ್ದರೆ ಕಂಪ್ರೆಸರಿನ ಸೀಲ್ ಒಣಗುತ್ತದೆ, ಗ್ಯಾಸ್ ಮೆಲ್ಲಗೆ ಸೋರುತ್ತದೆ. ಮಾರುವ ವಾರ ಗ್ಯಾಸ್ ತುಂಬಿಸಿದರೆ ನೀವು ನೋಡುವ ದಿನ ಮಂಜಿನ ಹಾಗೆ ತಣ್ಣಗಿರುತ್ತದೆ, ಎರಡು ತಿಂಗಳಿಗೆ ಬಿಸಿಗಾಳಿ. "ಕೊನೆಯ ಸಲ ಗ್ಯಾಸ್ ಹಾಕಿಸಿದ್ದು ಯಾವಾಗ" ಎಂದು ನೇರವಾಗಿ ಕೇಳಿ. ಮುಂದಿನ ಗ್ರಿಲ್ಲಿನ ಹಿಂದೆ ಕಾಣುವ ಕಂಡೆನ್ಸರಿನಲ್ಲಿ, ಪೈಪುಗಳ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಧೂಳು ಹಿಡಿದು ಕೂತಿದ್ದರೆ ಅಲ್ಲಿ ಸೋರಿಕೆ ಇದೆ.

ಟೈರ್. ಟೈರಿನ ಪಕ್ಕದಲ್ಲಿ ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3611 ಎಂದಿದ್ದರೆ 2011ರ 36ನೇ ವಾರ ತಯಾರಾದದ್ದು. ಕೆಲವು ಟೈರಿನಲ್ಲಿ ಇದು ಒಳಪಕ್ಕದಲ್ಲಿರುತ್ತದೆ, ಮೊಬೈಲ್ ಟಾರ್ಚ್ ಹಿಡಿದು ಬಗ್ಗಬೇಕು. ನಿಮ್ಮ ಗಾಡಿಯ ನಾಲ್ಕು ಟೈರೂ ಸ್ಟೆಪ್ನಿಯೂ 2011ರದ್ದೇ ಆಗಿದ್ದರೆ ಒಂದು ಕಡೆ ಮೀಟರ್ ನಿಜ ಎಂಬುದಕ್ಕೆ ಅದೇ ಒಳ್ಳೆಯ ಸಾಕ್ಷಿ, ಇನ್ನೊಂದು ಕಡೆ ಆ ಐದೂ ಟೈರ್ ಎಸೆಯಬೇಕು. ಟೈರಿನ ಮೇಲ್ಮೈಯ ಬಟನ್ ಹೊಸದರ ಹಾಗೆ ಆಳವಾಗಿ ಕಾಣುತ್ತದೆ, ಆದರೆ ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟ ಟೈರಿನಲ್ಲಿ ಮಗಳನ್ನು ಕೂರಿಸಿಕೊಂಡು ಎಂಬತ್ತರ ಸ್ಪೀಡಿನಲ್ಲಿ ಹೋಗಬೇಡಿ. ಇದೊಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ. ಟೈರ್ 2016ರದ್ದಾಗಿದ್ದು "ಕಂಪನಿಯಿಂದ ಬಂದದ್ದೇ" ಎಂದು ಅವರು ಹೇಳಿದರೆ ಆಗ ಮೀಟರ್ ಬಗ್ಗೆ ಮತ್ತೆ ಯೋಚಿಸಿ. ವಯಸ್ಸಾಯಿತು ಎಂದು ಬದಲಿಸಿದ್ದೇವೆ ಎಂದು ಬಿಲ್ ತೋರಿಸಿದರೆ, ಅಂಥವರ ಗಾಡಿಯೇ ನಿಮಗೆ ಬೇಕಾದದ್ದು.

ಗಾಡಿ ಕಡಿಮೆ ಓಡಿರುವುದಕ್ಕೆ ನೀರಿನಲ್ಲಿ ಮುಳುಗಿದ್ದೂ ಕಾರಣವಾಗಿರಬಹುದು. 2015ರ ಡಿಸೆಂಬರಿನ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತಮುತ್ತ ನಿಂತ ನೀರು ನೆನಪಿದೆಯಲ್ಲ, ಬೇಸ್‌ಮೆಂಟಿನಲ್ಲಿದ್ದ ಎಷ್ಟೋ ಕಾರುಗಳು ಆಗ ಮುಳುಗಿದವು. ನಿಮ್ಮದು ಮೈಸೂರಿನ ಪೋರ್ಟಿಕೋದ ಗಾಡಿ, ಸಂಭವ ಕಡಿಮೆ, ಆದರೂ ಎರಡು ನಿಮಿಷದ ಕೆಲಸ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗಿದ್ದ ಭಾಗದಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು. ಗಾಡಿ ತೊಳೆಯುವವರು ಎಲ್ಲ ತೊಳೆಯುತ್ತಾರೆ, ಇದನ್ನು ಎಳೆದು ತೊಳೆಯುವುದಿಲ್ಲ. ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದಾಗ ಅಡಿಯ ಗುಳಿಯಲ್ಲಿ ನೀರಿನ ಕಲೆ ಇದೆಯೇ ನೋಡಿ. ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಅಂಗೈ ಒತ್ತಿ. ಮರದ ಕೆಳಗೆ ನಿಂತ ಗಾಡಿಗಳಲ್ಲಿ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕೊಳೆತು, ನೀರು ಹೋಗುವ ತೂತು ಮುಚ್ಚಿ, ಮಳೆ ನೀರು ಕಾಲ ಬುಡಕ್ಕೆ ಇಳಿಯುತ್ತದೆ.

ಟಿಂಕರಿಂಗ್, ಪೇಂಟಿಂಗ್ ಆಗಿದೆಯೇ ಎಂಬುದನ್ನು ಬಿಸಿಲಿನಲ್ಲಿ ನೋಡಿ. ಎಲ್ಲ ಗಾಜುಗಳ ಮೂಲೆಯಲ್ಲೂ ಒಂದೇ ಕಂಪನಿಯ ಗುರುತಿದ್ದರೆ ಗಾಜು ಬದಲಿಸಿರುವ ಸಂಭವ ಕಡಿಮೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟು ಶೇಕಡಾ ಎಂದು ನೋಡಿ. 50 ಎಂದಿದ್ದರೆ ಸತತವಾಗಿ ಐದಾರು ವರ್ಷ ಕ್ಲೇಮ್ ಆಗಿಲ್ಲ ಎಂದರ್ಥ, ಅದು ಗರಿಷ್ಠ. ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ಈ ಗುರುತು ಸಿಗುವುದಿಲ್ಲ.

ಓಡಿಸಿ ನೋಡುವಾಗ ಗಲ್ಲಿಯಲ್ಲಿ ಒಂದು ಸುತ್ತು ಸಾಲದು. ಕನಿಷ್ಠ ಹದಿನೈದು ಕಿಲೋಮೀಟರ್, ರಿಂಗ್ ರೋಡಿಗೆ ತೆಗೆದುಕೊಂಡು ಹೋಗಿ. ರೇಡಿಯೋ ಆಫ್, ಎಸಿ ಮೊದಲು ಆಫ್ ಆಮೇಲೆ ಆನ್. ಹಂಪ್ ಮೇಲೆ ಮೆಲ್ಲಗೆ ಹತ್ತಿಸಿದಾಗ ಕೀಚ್ ಎಂದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಒಣಗಿವೆ. ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಕಟಕಟ ಸದ್ದು ಬಂದರೆ ಆಕ್ಸಲ್ ಮೇಲಿನ ರಬ್ಬರ್ ಹೊದಿಕೆ (ಬೂಟ್) ಹರಿದು ಒಳಗೆ ಮಣ್ಣು ಹೋಗಿದೆ. ಅರವತ್ತರ ಸ್ಪೀಡಿನಲ್ಲಿ ಗಡಗಡ ಅನ್ನಿಸಿದರೆ ನಿಂತು ನಿಂತು ಟೈರ್ ಒಂದೇ ಕಡೆ ಚಪ್ಪಟೆಯಾಗಿರಬಹುದು. ನ್ಯೂಟ್ರಲ್‌ನಲ್ಲಿ ನಿಂತಾಗ ಸ್ಟಿಯರಿಂಗೂ ಸೀಟೂ ನಡುಗಿದರೆ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್ ಹೋಗಿರಬಹುದು. ವಾಪಸ್ ಬಂದ ಮೇಲೆ ಗಾಡಿಯನ್ನು ಆಫ್ ಮಾಡದೆ ಹತ್ತು ನಿಮಿಷ ಎಸಿ ಹಾಕಿ ನಿಲ್ಲಿಸಿ. ಟೆಂಪರೇಚರ್ ಏರಬಾರದು, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು. ಆಮೇಲೆ ಗಾಡಿಯನ್ನು ಮುಂದಕ್ಕೆ ತೆಗೆದು ನೆಲ ನೋಡಿ, ಎಸಿಯ ಶುದ್ಧ ನೀರು ಬಿಟ್ಟು ಬೇರೇನೂ ಸುರಿದಿರಬಾರದು. ಸಾಧ್ಯವಾದರೆ ಅಲ್ಲಿಯೇ ಒಂದು ಗ್ಯಾರೇಜಿಗೆ ಹೋಗಿ ರ‍್ಯಾಂಪ್ ಮೇಲೆ ಎತ್ತಿಸಿ ಅಡಿಭಾಗ ನೋಡಿಸಿ. ಮಾರುವವರಿಗೆ ಪರಿಚಯದ ಗ್ಯಾರೇಜ್ ಬೇಡ, ನೀವೇ ಹುಡುಕಿದ್ದು ಇರಲಿ.

ಕಾಗದಪತ್ರದಲ್ಲಿ ದೊಡ್ಡ ವಿಷಯ ಒಂದೇ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ನಿಮ್ಮದು 2026ರ ನವೆಂಬರಿಗೆ ಮುಗಿಯುತ್ತದೆ. ಆಮೇಲೆ ಗಾಡಿ ಗುಜರಿಗೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ, ಆ ಹತ್ತು ಹದಿನೈದು ವರ್ಷದ ನಿಷೇಧದ ಮಾತು ದೆಹಲಿ ಸುತ್ತಮುತ್ತಲಿನದು. ಇಲ್ಲಿ ಆರ್‌ಟಿಓಗೆ ಗಾಡಿ ತೋರಿಸಿ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿ, ಐದು ವರ್ಷಕ್ಕೆ ನವೀಕರಿಸಬಹುದು. ಆದರೆ ಪುಕ್ಕಟೆ ಅಲ್ಲ. 600 ರೂಪಾಯಿ ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ರಾಜ್ಯದ ಗ್ರೀನ್ ಟ್ಯಾಕ್ಸ್ ಬೇರೆ. ಇದನ್ನು ಬೆಲೆ ಮಾತಾಡುವಾಗ ನೆನಪಿಡಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ಅದನ್ನು ತೆಗೆಸಿಕೊಡುವುದು ಅವರ ಕೆಲಸ, ಸಾಲ ತೀರಿದ್ದರೂ ಎಷ್ಟೋ ಜನ ತೆಗೆಸಿರುವುದಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಇದೆಯಾ, ಆರ್‌ಸಿ ಎಲ್ಲಿಯವರೆಗೆ ಎಂದು ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ಮನಾಗಬೇಡಿ, ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೂ ಬೆನ್ನು ಹತ್ತಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮ್ ತಕರಾರಾಗುತ್ತದೆ. ಅವರ ನೋ ಕ್ಲೇಮ್ ಬೋನಸ್ ಅವರ ಜೊತೆ ಹೋಗುತ್ತದೆ, ನಿಮಗೆ ಬರುವುದಿಲ್ಲ.

ಒಂದು ಮಾತು ಹೇಳದೆ ಬಿಡಲಾರೆ. ಮಗಳನ್ನು ದಿನಾ ಕರೆದುಕೊಂಡು ಹೋಗುತ್ತೇನೆ ಎಂದಿರಿ. ನಮ್ಮಲ್ಲಿ ಕಾರುಗಳಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. 2011ರ ಸಣ್ಣ ಕಾರುಗಳಲ್ಲಿ ಇವು ಮೇಲಿನ ವೇರಿಯಂಟಿಗೆ ಮಾತ್ರ ಬರುತ್ತಿದ್ದವು. ನೀವು ನೋಡುತ್ತಿರುವುದರಲ್ಲಿ ಇವೆಯೇ ಎಂದು ಕೇಳಿ. ಇಲ್ಲದಿದ್ದರೆ ಬಿಡಿ ಎನ್ನುವುದಿಲ್ಲ, ಹದಿನಾಲ್ಕು ಕಿಲೋಮೀಟರ್ ಸ್ಕೂಟರಿಗಿಂತ ಕಾರು ವಾಸಿಯೇ. ಆದರೆ ಗೊತ್ತಿದ್ದು ತೀರ್ಮಾನ ಮಾಡಿ, ಹಿಂದಿನ ಸೀಟಿನ ಬೆಲ್ಟ್ ಸರಿಯಾಗಿ ಲಾಕ್ ಆಗುತ್ತದೆಯೇ ಎಂದು ಜಗ್ಗಿ ನೋಡಿ.

ಪೆಟ್ರೋಲ್ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು, ಈ ಕಾಲದ ಗಾಡಿಗಳು ಅದಕ್ಕೆಂದು ಮಾಡಿದವಲ್ಲ. ಎಥನಾಲ್ ತೇವ ಹೀರುತ್ತದೆ, ತುಂಬ ದಿನ ನಿಂತರೆ ತೊಂದರೆ ಜಾಸ್ತಿ. ನೀವು ದಿನಾ ಓಡಿಸುತ್ತೀರಿ, ಟ್ಯಾಂಕ್ ಆಗಾಗ ಖಾಲಿಯಾಗಿ ತುಂಬುತ್ತದೆ, ಅದು ಒಳ್ಳೆಯದೇ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಮಾತ್ರ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಹಳತಾಗಿದ್ದರೆ ಬದಲಿಸಿಬಿಡಿ.

ಈಗ ಬೆಲೆ. ಎಲ್ಲ ಸರಿ ಇದೆ, ಮೀಟರ್ ನಿಜ ಎಂದೇ ಇಟ್ಟುಕೊಳ್ಳೋಣ. ಕೊಂಡ ಮೊದಲ ತಿಂಗಳೇ ನೀವು ಮಾಡಿಸಬೇಕಾದದ್ದು ಟೈರ್‌ಗಳು, ಬ್ಯಾಟರಿ ಹಳತಾಗಿದ್ದರೆ ಅದು, ಬೆಲ್ಟ್ ಎಂಜಿನ್ ಆದರೆ ಟೈಮಿಂಗ್ ಬೆಲ್ಟೂ ಅದನ್ನು ಬಿಗಿಯಾಗಿಡುವ ಟೆನ್ಷನರೂ, ಫ್ಯಾನ್ ಬೆಲ್ಟ್, ಎಲ್ಲ ಆಯಿಲ್‌ಗಳು, ಕೂಲಂಟ್, ಫಿಲ್ಟರ್‌ಗಳು, ರೇಡಿಯೇಟರ್ ಪೈಪ್. ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಬರುತ್ತದೆ, ನನ್ನ ಅಂದಾಜು 35ರಿಂದ 40 ಸಾವಿರ. ಮೌಂಟಿಂಗ್, ಬುಷ್, ಎಸಿ ಸೇರಿದರೆ ಇನ್ನೂ 20 ಸಾವಿರ. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅವರ ಮುಂದೆ ಇಡಿ. ಜಗಳದ ಧ್ವನಿ ಬೇಡ, ಬ್ಯಾಂಕಿನಲ್ಲಿದ್ದವರು, ಲೆಕ್ಕ ಅರ್ಥವಾಗುತ್ತದೆ. ನಾನಾಗಿದ್ದರೆ ಎರಡು ಲಕ್ಷದಿಂದ ಮಾತು ಶುರು ಮಾಡಿ 2 ಲಕ್ಷ 15 ಸಾವಿರಕ್ಕೆ ನಿಲ್ಲಿಸುತ್ತಿದ್ದೆ. ಟೈರ್, ಬೆಲ್ಟ್ ಇತ್ತೀಚೆಗೆ ಮಾಡಿಸಿದ ಬಿಲ್ ತೋರಿಸಿದರೆ ಅಷ್ಟನ್ನು ಸೇರಿಸಿಯೇ ಕೊಡಿ, ಅದು ನ್ಯಾಯ. 2 ಲಕ್ಷ 60 ಸಾವಿರಕ್ಕೆ ಒಂದು ಪೈಸೆ ಇಳಿಯಲ್ಲ ಎಂದರೆ, ಅದೇ ದುಡ್ಡಿಗೆ ನಾಲ್ಕೈದು ವರ್ಷ ಚಿಕ್ಕ, ದಿನಾ ಓಡಿದ, ಸರ್ವಿಸ್ ಪುಸ್ತಕ ತುಂಬಿದ ಗಾಡಿ ಹಾಸನದಲ್ಲೇ ಸಿಗುತ್ತದೆ.

ಕೊಂಡ ಮೇಲೆ ಮೊದಲ ಎರಡು ಮೂರು ತಿಂಗಳು ಚಿಕ್ಕಪುಟ್ಟ ಸೋರಿಕೆ ಕಾಣಿಸಿಕೊಂಡರೆ ಮೋಸ ಹೋದೆ ಎಂದುಕೊಳ್ಳಬೇಡಿ. ವರ್ಷಗಟ್ಟಲೆ ನಿಂತ ಸೀಲುಗಳು ದಿನಾ ಬಿಸಿಯಾಗಿ ತಣ್ಣಗಾಗಲು ಶುರುವಾದಾಗ ಹಾಗಾಗುತ್ತದೆ. ಮೊದಲ ಐನೂರು ಕಿಲೋಮೀಟರ್ ಊರಿನ ಸುತ್ತಲೇ ಓಡಿಸಿ, ಹೊಸದಾಗಿ ಹಾಕಿಸಿದ ಆಯಿಲ್ಲನ್ನು ಮೂರು ಸಾವಿರಕ್ಕೇ ಇನ್ನೊಮ್ಮೆ ಬದಲಿಸಿ, ಒಳಗಿನ ಕೊಳೆ ಅದರ ಜೊತೆ ಬರುತ್ತದೆ.

ಮಾತು ಮುಗಿದು, ದುಡ್ಡು ಕೊಟ್ಟು, ಕೀ ಕೈಗೆ ಬಂದ ದಿನ ಸಂಭ್ರಮದಲ್ಲಿ ನೇರ ಹಾಸನಕ್ಕೆ ಹೊರಡಬೇಡಿ. ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಇದೆ, ಈ ಗಾಡಿ ಅಷ್ಟು ದೂರ ಒಟ್ಟಿಗೆ ಓಡಿ ಎಷ್ಟು ವರ್ಷವಾಯಿತೋ. ಆರ್‌ಸಿಯಲ್ಲಿ 1086 ಎಂದಿದ್ದರೆ ಮೈಸೂರಿನಲ್ಲೇ ಒಂದು ದಿನ ಗ್ಯಾರೇಜಿಗೆ ಬಿಟ್ಟು ಟೈಮಿಂಗ್ ಬೆಲ್ಟ್ ಹಾಕಿಸಿ, ಕೂಲಂಟ್ ಬದಲಿಸಿ, ಟೈರ್ 2011ರದ್ದಾಗಿದ್ದರೆ ಅವನ್ನೂ ಅಲ್ಲೇ ಹಾಕಿಸಿಕೊಂಡು, ಮಾರನೇ ದಿನ ಬೆಳಿಗ್ಗೆ ತಂಪಿನಲ್ಲಿ ಹೊರಡಿ. ಬಿಚ್ಚಿದ ಹಳೆಯ ಬೆಲ್ಟನ್ನು ಮೆಕ್ಯಾನಿಕ್ ಹತ್ತಿರ ಕೇಳಿ ಇಸ್ಕೊಂಡು, ಕೈಯಲ್ಲಿ ಬಗ್ಗಿಸಿ ಒಮ್ಮೆ ನೋಡಿ.